ಸಾವಿನ ಪಾಟು ಕಲಿಯಲು ಹೊರಟ ಅಕ್ಕ

ಮೂರ್ನಾಡಿನ ಆಸುಪಾಸಿನಲ್ಲಿ ಒಂದರ ಹಿಂದೊಂದು ಎರಡು ಗುಂಡು ಹಾರಿದವೆಂದರೆ ಯಾವುದೋ ಕೊಡವರ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಉಳಿದವರೆಲ್ಲ ಆ ಸದ್ದು ಕೇಳಿ ‘ಅಯ್ಯೋ, ಯಾರೋ ಏನೋ’ ಎನ್ನುವ ಹೊತ್ತಿಗೆ ನಮ್ಮ ಶಾಲೆಯ ಸಂಗೀತದ ಅಕ್ಕ ಪೆನ್ಸಿಲು ಚೂಪಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದವಳು. ಬಾಗಿಲಲ್ಲಿ ಅವರ ಮುಖ ಕಂಡರೆ ಸಾಕು, ಶಾಲೆ ಬಿಟ್ಟ ಮೇಲೆ ನನ್ನ ಕಾಲಿಗೆ ಬಿಡುವಿಲ್ಲ ಎಂದು ಗೊತ್ತಾಗುತ್ತಿತ್ತು.

ಆ ಅಕ್ಕ ಈಗಿಲ್ಲ. ಇಲ್ಲ ಎನ್ನುವುದು ನನಗೆ ತಿಳಿದದ್ದೂ ತಡವಾಗಿ. ಬೇರೆಯವರು ತೀರಿಕೊಂಡರೆ ನಾನು ಒಂದು ದಿನ ಸುಮ್ಮನಿದ್ದು ಮರುದಿನ ಕೆಲಸಕ್ಕೆ ಹೋಗುವವಳು. ಇವರ ವಿಷಯದಲ್ಲಿ ಹಾಗಾಗಲಿಲ್ಲ.

ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲದ ಮಾತು ಇದು. ರಾಜ್ಯ ಚಿಕ್ಕದಾದ್ದರಿಂದ ವರ್ಗಾವಣೆಯ ಭಯವೂ ಚಿಕ್ಕದು. ಎಲ್ಲಿಗೆ ಎತ್ತಿ ಹಾಕಿದರೂ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಊರು ಸೇರಬಹುದಿತ್ತು. ನಾನು ಸಂಪಾಜೆಯವಳು. ಮನೆಮಾತು ಅರೆಭಾಷೆ, ಕೊಡವ ಭಾಷೆ ಗೆಳತಿಯರಿಂದ ಬಂದದ್ದು. ಅಕ್ಕ ಕುಶಾಲನಗರದ ಕಡೆಯವರು, ಹಾಸನ ಸೀಮೆಯಿಂದ ಬಂದು ಅಲ್ಲಿ ಹೊಲ ಮಾಡಿಕೊಂಡಿದ್ದ ಒಕ್ಕಲು ಮನೆಯ ಸೊಸೆ. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಇಬ್ಬರೂ ಸೇರಿ ಪೇಟೆಯ ಹಿಂಬದಿಯಲ್ಲಿ ಒಂದು ಮನೆಯ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಉಳಿದ ಭಾಗದಲ್ಲಿ ಮನೆಯ ಒಡತಿ, ಒಬ್ಬ ಕೊಡವ ವಿಧವೆ, ಎರಡು ಹಸು ಕಟ್ಟಿಕೊಂಡು ಇದ್ದರು.

ನೋಡುವುದಕ್ಕೆ ಅಕ್ಕ ಸಂಗೀತದವರ ಹಾಗಿರಲಿಲ್ಲ. ರಾಗಿ ಬೀಸಿ ಗಟ್ಟಿಯಾದ ತೋಳು, ಗಂಡಸರ ಹೆಜ್ಜೆ. ಯಾರಾದರೂ ಮಾತಾಡಿಸಿದರೆ ಅವರ ಮುಖ ನೋಡದೆ, ಅವರ ಕಡೆಗೊಂದು ಕಿವಿ ಕೊಟ್ಟು ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಹೊಸಬರು ಅದನ್ನು ಗರ್ವ ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ವಾರ ಹಾಗೇ ಎಂದುಕೊಂಡು ಎರಡು ದಿನ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಶಾಲೆಯ ಶ್ರುತಿಪೆಟ್ಟಿಗೆಯ ತಿದಿ ಹರಿದಿತ್ತು. ಹೊಸದು ಮಡಿಕೇರಿಯಿಂದ ಬರುವವರೆಗೆ ಅಕ್ಕ ಶಾಲೆಯ ಗಂಟೆಯನ್ನೇ ಶ್ರುತಿ ಮಾಡಿಕೊಂಡರು. ನಮ್ಮ ಗಂಟೆ ಎಂದರೆ ಮರಕ್ಕೆ ತೂಗುಹಾಕಿದ ಒಂದು ತುಂಡು ಕಬ್ಬಿಣ. ಬೆಳಿಗ್ಗೆ ಜವಾನ ಅದನ್ನು ಬಡಿದ ಕೂಡಲೇ ಅಕ್ಕ ‘ಹ್ಞಾಂ, ಹಿಡ್ಕೊಳ್ರಿ’ ಎನ್ನುತ್ತಿದ್ದರು. ಹುಡುಗಿಯರೆಲ್ಲ ಆ ಸ್ವರ ಹಿಡಿದು ಪ್ರಾರ್ಥನೆ ಎತ್ತಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಜವಾನ ಕಬ್ಬಿಣವನ್ನು ಜಗಲಿಗೆ ತಂದು ಕಟ್ಟಿದ. ಸ್ವರ ಸತ್ತುಹೋಯಿತೆಂದು ಅಕ್ಕ ಹೆಡ್‌ಮಾಸ್ಟರ ಹತ್ತಿರ ದೂರು ಒಯ್ದರು.

“ಟೀಚರಮ್ಮ, ಗಂಟೆ ಇರುದು ಹೊತ್ತು ಹೇಳ್ಲಿಕ್ಕೆ,” ಎಂದರು ಹೆಡ್‌ಮಾಸ್ಟರು.

“ಹೊತ್ತು ನಿಮ್ಮ ಗಡಿಯಾರನೂ ಹೇಳ್ತದೆ ಸಾರ್. ಸ್ವರ ಹೇಳ್ತದಾ?”

ಆ ವರ್ಷದ ಮಳೆಗಾಲವಿಡೀ ಜವಾನ ಗೊರಬು ಹೊದ್ದುಕೊಂಡು ಮರದಡಿಗೇ ಹೋಗಿ ಗಂಟೆ ಬಾರಿಸಿದ. ಅಕ್ಕನಿಗೆ ಅವನು ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇಷ್ಟು ಕಿವಿಯಿದ್ದವರು ಮೊದಲ ವರ್ಷ ಕೊಡವರ ಹಾಡನ್ನು ಹಾಡೆಂದೇ ಒಪ್ಪಿರಲಿಲ್ಲ. ಹುತ್ತರಿ ಹಬ್ಬದಲ್ಲಿ ನಾಲ್ಕು ಜನ ಗಂಡಸರು ಕೈಯಲ್ಲಿ ದುಡಿ ಹಿಡಿದು ನಮ್ಮ ಒಡತಿಯ ಮನೆಗೂ ಬಂದಿದ್ದರು. ದುಡಿ ಎಂದರೆ ನಡು ಸಣ್ಣಗಿರುವ ಪುಟ್ಟ ವಾದ್ಯ, ಸಪೂರ ಕಡ್ಡಿಯಲ್ಲಿ ಬಾರಿಸುವುದು. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ಎತ್ತಿ ಹಾಡುತ್ತಾರೆ. ಅವರು ಅದನ್ನು ಪಾಟು ಎನ್ನುತ್ತಾರೆ. ಒಡತಿ ಸಂತೋಷದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಅಕ್ಕ ನನ್ನ ಕಿವಿಯಲ್ಲಿ, “ಇರೋದು ಮೂರೋ ನಾಲ್ಕೋ ಸ್ವರ ಕಣಮ್ಮ. ಇದು ಹಾಡಲ್ಲ, ವರದಿ,” ಎಂದರು. ಮೈಸೂರಿನಲ್ಲಿ ಪರೀಕ್ಷೆ ಪಾಸು ಮಾಡಿ ಬಂದವರು ಹೇಳಿದ ಮೇಲೆ ಇರಬಹುದು ಎಂದು ನಾನೂ ತಲೆಯಾಡಿಸಿದೆ.

ಅವರ ಮನಸ್ಸು ತಿರುಗಿದ್ದು ಒಂದು ಸಾವಿನ ಮನೆಯ ಅಂಗಳದಲ್ಲಿ. ಶಾಲೆಯ ಒಬ್ಬ ಹುಡುಗಿಯ ಅಜ್ಜಿ ತೀರಿಕೊಂಡಿದ್ದರು. ಮುಖ ತೋರಿಸಿ ಬರೋಣವೆಂದು ಹೋದೆವು. ಅಲ್ಲಿಯೂ ನಾಲ್ಕು ದುಡಿ, ನಾಲ್ಕು ಜನ. ಮುಂದಾಳು ಎಪ್ಪತ್ತು ದಾಟಿದ ಅಜ್ಜ, ಪಕ್ಕದಲ್ಲಿ ದನಿಗೂಡಿಸುತ್ತಿದ್ದವನು ಅವರ ಮಗ. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತವರು ನಾನು ಸೆರಗು ಎಳೆದರೂ ಅಲ್ಲಾಡಲಿಲ್ಲ. ಮನೆಗೆ ಬಂದು ಹಾರ್ಮೋನಿಯಂ ತೆಗೆದರು, ಒಂದು ಸ್ವರದ ಮನೆ ಒತ್ತಿದರು, ಪಕ್ಕದ್ದು ಒತ್ತಿದರು, ಮುಚ್ಚಿದರು.

“ಆ ಅಜ್ಜ ಈ ಎರಡರ ಮಧ್ಯೆ ಎಲ್ಲೋ ಇಳೀತಾನೆ ಕಣಮ್ಮ. ಅಲ್ಲಿಗೆ ಹೋಗೋಕೆ ನನ್ನ ಪೆಟ್ಟಿಗೇಲಿ ದಾರಿ ಇಲ್ಲ.”

ಅಂದಿನಿಂದ ಶುರುವಾಯಿತು ನೋಡಿ. ಎಲ್ಲಿ ಎರಡು ಗುಂಡು ಕೇಳಿದರೂ ಬಿಳಿ ಸೀರೆ ಉಟ್ಟು ಹೊರಟರು, ಜೊತೆಗೆ ನಾನು. ಆರನೆಯ ಸಾವಿನ ಹೊತ್ತಿಗೆ ಅವರು ಒಂದು ಸಂಗತಿ ಕಂಡುಹಿಡಿದಿದ್ದರು: ಆ ಇಳಿತ ಎಲ್ಲೆಂದರಲ್ಲಿ ಬರುವುದಲ್ಲ, ಸತ್ತವರ ಹೆಸರು ಬಂದಾಗ ಮಾತ್ರ ಬರುತ್ತದೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. “ನಮ್ಮಲ್ಲಿ ಸಂಗೀತ ಬಲ್ಲೋರು ಬೇರೆ, ಸಾಯೋರು ಬೇರೆ. ಇಲ್ಲಿ ಸತ್ತೋರ ಬದುಕೇ ಹಾಡು. ಈ ಮಕ್ಕಳಿಗೆ ನಾನು ಸರಳೆ ವರಸೆ ಕಲಿಸ್ತಾ ಕೂತಿದ್ದೀನಲ್ಲ, ಅವ್ರ ಮನೇಲಿ ಇಷ್ಟು ಅದೆ!” ಎಂದರು. ಆ ಪಾಟನ್ನು ತುದಿಮೊದಲು ಸ್ವರ ಹಾಕಿ ಬರೆದಿಡಬೇಕು, ಅಜ್ಜ ಹೋಗುವುದರೊಳಗೆ ಬರೆಯಬೇಕು ಎಂಬುದೊಂದೇ ಅವರ ತಲೆಯಲ್ಲಿ ಉಳಿಯಿತು.

ಆದರೆ ಪೂರ್ತಿ ಸಿಗುತ್ತಿರಲಿಲ್ಲ. ಗುಂಡು ಕೇಳಿ, ಶಾಲೆ ಬಿಟ್ಟು, ಗದ್ದೆ ದಾಟಿ ಹೋಗುವಷ್ಟರಲ್ಲಿ ಶುರು ಮುಗಿದಿರುತ್ತಿತ್ತು. ಹೋದರೆ ಹೆಂಗಸರ ಜೊತೆ ಒಳಗೆ ಕೂರಿಸುತ್ತಿದ್ದರು. ಅಳುವಿನಲ್ಲಿ ಅರ್ಧ ಸಾಲು ಮುಳುಗುತ್ತಿತ್ತು. ಅಕ್ಕ ಸೆರಗಿನೊಳಗೆ ಪುಸ್ತಕ ಇಟ್ಟುಕೊಂಡು ಸ್ವರ ಗೀಚುತ್ತಿದ್ದರು. “ನೀನು ಮಾತು ಬರ್ಕೋ, ನಾನು ಸ್ವರ ಬರ್ಕೋತೀನಿ,” ಎಂದು ನನಗೂ ಒಂದು ಪೆನ್ಸಿಲು ಕೊಟ್ಟಿದ್ದರು. ಸತ್ತ ಮನೆಯಲ್ಲಿ ಕೂತು ಬರೆಯುವುದಕ್ಕೆ ನನಗೆ ನಾಚಿಕೆ. “ಇದೆಲ್ಲ ಎಲ್ಲಿಗೆ ಹೋಗ್ತದೆ ಅಕ್ಕ, ಯಾವಾಗಲೂ ಉಂಟಲ್ಲ,” ಎಂದು ತಪ್ಪಿಸಿಕೊಂಡೆ. ಆ ಮಾತನ್ನು ನುಂಗುವ ಹಾಗಿದ್ದರೆ ಇವತ್ತು ನುಂಗುತ್ತಿದ್ದೆ.

ಊರಿನವರಿಗೆ ಇವರ ಹುಚ್ಚು ಬೇರೆ ತರಹ ಕಂಡಿತು. ತೋಟದ ಮನೆಯೊಂದರ ದೊಡ್ಡಮ್ಮ ಜ್ವರದಲ್ಲಿ ಮಲಗಿದ್ದಾಗ ಅಕ್ಕ ಕಿತ್ತಳೆ ಹಣ್ಣು ಹಿಡಿದು ನೋಡಲು ಹೋದರು. ಬಾಗಿಲಲ್ಲಿ ಅಕ್ಕನನ್ನು ಕಂಡದ್ದೇ ತಡ, ದೊಡ್ಡಮ್ಮ ಎದ್ದು ಕೂತರು. “ನಾನು ಇನ್ನೂ ಹೋಗ್ಲಿಲ್ಲ! ಹಣ್ಣು ಅಲ್ಲಿಟ್ಟು ಹೋಗಿ ಟೀಚರಮ್ಮ!” ಅವರು ಆಮೇಲೆ ಗುಣವಾದರು. ಹಣ್ಣಿನಿಂದಲ್ಲ, ಹೆದರಿಕೆಯಿಂದ ಎಂದು ನಾನು ಅಕ್ಕನನ್ನು ಒಂದು ತಿಂಗಳು ಕಾಡಿದೆ.

ಕೊನೆಗೆ ಅಕ್ಕ ಅಜ್ಜನ ಮನೆಗೇ ಹೋದರು. ಅಜ್ಜ ಬೆಲ್ಲದ ಕಾಫಿ ಕೊಡಿಸಿ ಹುತ್ತರಿ ಪಾಟು, ಮದುವೆ ಪಾಟು ಎಲ್ಲ ಖುಷಿಯಲ್ಲಿ ಹಾಡಿದರು. ಅಕ್ಕ ಬರೆದುಕೊಂಡರು. ಆಮೇಲೆ ಮೆಲ್ಲಗೆ ಸಾವಿನ ಪಾಟು ಎಂದರು. ಒಳಗಿನಿಂದ ಬರುತ್ತಿದ್ದ ಅಜ್ಜನ ಹೆಂಡತಿ ನಿಂತಲ್ಲೇ ನಿಂತರು. ಅಜ್ಜ ದುಡಿಯನ್ನು ಕೆಳಗಿಟ್ಟರು.

“ಅದು ಸುಮ್ಮನೆ ಹಾಡುದಲ್ಲ ಟೀಚರಮ್ಮ. ಸಾವಿಲ್ಲದೆ ಬಾಯಿಗೆ ಬಂದ್ರೆ ಅದಕ್ಕೆ ಯಾರಾದ್ರೂ ಬೇಕಾಗ್ತದೆ.”

“ಶುರುವಿನ ನಾಲ್ಕು ಸಾಲು ಸಾಕು ಅಜ್ಜಾ.”

“ಶುರು ಮಾಡಿದ್ರೆ ಮುಗಿಸ್ಬೇಕು. ಅರ್ಧದಲ್ಲಿ ಬಿಡುವ ಕ್ರಮ ಇಲ್ಲ.”

ಅಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಒಂದು ಭಾನುವಾರ ಒಡತಿ ವಿರಾಜಪೇಟೆಗೆ ಹೋಗಿದ್ದಾರೆಂದು ತಿಳಿದು ಅಕ್ಕ ಬಾಗಿಲು ಹಾಕಿಕೊಂಡು, ಸಿಕ್ಕಿದ ತುಂಡುಗಳನ್ನೆಲ್ಲ ಜೋಡಿಸಿ ಗಟ್ಟಿಯಾಗಿ ಹಾಡಿದರು. ನಾನು ಬಟ್ಟೆ ಒಗೆಯುತ್ತಿದ್ದೆ. ಒಡತಿ ಬಸ್ಸು ತಪ್ಪಿ ಹಿಂದೆ ಬಂದು ಅಂಗಳದಲ್ಲೇ ನಿಂತಿದ್ದಾರೆಂದು ನಮಗೇನು ಗೊತ್ತು? ಒಡತಿ ಬೆಳ್ಳಗಾಗಿಹೋಗಿದ್ದರು. ಆ ವಾರವೇ ಅವರ ಎರಡು ಹಸುಗಳಲ್ಲಿ ಒಂದು ಹೊಟ್ಟೆಯುಬ್ಬರ ಬಂದು ಸತ್ತಿತು. “ಹಸುವಿಗೆ ಹೋಯಿತಲ್ಲ, ಮನುಷ್ಯರಿಗೆ ಬರ್ಲಿಲ್ಲ,” ಎಂದು ಅವರು ಅತ್ತರು. ಅಕ್ಕ ಕಾಲಿಗೆ ಬೀಳಹೋದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪೇಟೆಯ ಅಂಗಡಿಗಳಲ್ಲಿ ನಮ್ಮನ್ನು ಕಂಡರೆ ಮಾತು ನಿಲ್ಲತೊಡಗಿತು. ಹುಡುಗಿಯರ ತಾಯಂದಿರು ಸಂಗೀತದ ತರಗತಿ ಬೇಡವೆಂದು ಹೇಳಿ ಕಳಿಸಿದರು.

ಹಸು ಸತ್ತ ಮೂರನೆಯ ದಿನ ಅಜ್ಜ ಕೋಲೂರಿಕೊಂಡು ನಮ್ಮ ಜಗಲಿಗೆ ಬಂದರು. ಬೈಯುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಒಂದೇ ಮಾತು.

“ಯಾರಿಗೆ ಹಾಡಿದ್ರಿ?”

ಅಕ್ಕ ಗೋಡೆ ನೋಡುತ್ತ, “ನಮ್ಮತ್ತೆಗೆ,” ಎಂದರು.

ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಎಂದುಕೊಂಡೆ. ಮೂರು ವರ್ಷದಲ್ಲಿ ಅತ್ತೆಯ ಮಾತನ್ನೇ ಅವರು ಎತ್ತಿರಲಿಲ್ಲ. ಅಜ್ಜ ಮಾತ್ರ ಕಂಬಕ್ಕೆ ಒರಗಿ ಕೂತರು. “ಯಾವ ಮನೆಯಿಂದ ಬಂದವರು? ತಾಯಿ ಯಾರು? ಕೈಯಲ್ಲಿ ಎಂತ ಕೆಲಸ ಇರ್ತಿತ್ತು? ಯಾರಿಗೆ ಬೈತಿದ್ರು? ಹೇಳಿ,” ಎಂದರು.

ಅಕ್ಕ ಹೇಳಿದರು. ಒಂದಕ್ಕೂ ತಡವರಿಸಲಿಲ್ಲ. ಅತ್ತೆ ಅರಕಲಗೂಡು ಕಡೆಯವರು, ತಾಯಿಯ ಹೆಸರು ಇಂಥದ್ದು, ತವರಿನಲ್ಲಿ ಇಷ್ಟು ಜನ ಎಂದು ಎಲ್ಲ. ಅಕ್ಕನ ಗಂಡ ಸತ್ತಾಗ ನೆಂಟರು ಸೊಸೆಯನ್ನು ತವರಿಗೆ ಅಟ್ಟು ಎಂದರಂತೆ. ‘ಇವಳಿಗೆ ಗಂಟಲು ಅದೆ, ಎಲ್ಲಿಗೂ ಕಳಿಸಾಕಿಲ್ಲ’ ಎಂದರಂತೆ ಅತ್ತೆ. ಮುಳುಗಿಹೋದ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಒಬ್ಬರು ಕುಶಾಲನಗರದಲ್ಲಿ ಉಳಿದಿದ್ದರು. ಅತ್ತೆ ವಾರಕ್ಕೆರಡು ಸಲ ಸೊಸೆಯನ್ನು ಅಲ್ಲಿಗೆ ಕರೆದೊಯ್ದು, ಊರಲ್ಲಿ ಯಾರೂ ಒಂದು ಮಾತಾಡಬಾರದೆಂದು ಮೇಷ್ಟ್ರಿಗೂ ಸೊಸೆಗೂ ನಡುವೆ ಮೊರ ಹಿಡಿದು ಕೂತು ರಾಗಿ ಕೇರುತ್ತಿದ್ದರಂತೆ. ಸ್ವರದ ಗಂಧಗಾಳಿ ಇಲ್ಲ. ಪಾಠ ಮುಗಿದ ಮೇಲೆ, ‘ಇವತ್ತು ಎಷ್ಟಾಯ್ತು?’ ಎಂದು ಸೇರಿನ ಲೆಕ್ಕದಲ್ಲಿ ಕೇಳುತ್ತಿದ್ದರಂತೆ. ಸೊಸೆ ಪರೀಕ್ಷೆಗೆ ಮೈಸೂರಿಗೆ ಹೊರಟ ದಿನ ಅತ್ತೆಗೆ ಜ್ವರ ಬಂದಿತ್ತು. ಒಲೆಯ ಮುಂದೆ ಕೂತು ಬೆಂಕಿಯ ಕಾವು ಎಂದು ಸುಳ್ಳು ಹೇಳಿ ಕಳಿಸಿದರಂತೆ. ಪಾಸಾಗಿ ಬರುವಷ್ಟರಲ್ಲಿ ಅತ್ತೆ ತೀರಿಕೊಂಡು ಹಾಲುತುಪ್ಪವೂ ಮುಗಿದಿತ್ತು.

“ಬಂದೋರಿಗೆ ಅಡುಗೆ ಮಾಡೋದಿತ್ತು ಅಜ್ಜಾ. ಅಳೋಕೆ ಹೊತ್ತೇ ಸಿಗ್ಲಿಲ್ಲ,” ಎಂದರು ಅಕ್ಕ.

ಅಜ್ಜ ಎದ್ದರು. “ನೀವು ಶುರು ಮಾಡಿ ಬಿಟ್ಟಿದ್ದೀರಿ. ಅದಕ್ಕೇ ಅದು ಹಸುವನ್ನು ಹಿಡಿದದ್ದು. ಇನ್ನು ನಾನು ಮುಗಿಸ್ಬೇಕು. ಮನೆಯೊಳಗೆ ಆಗುದಿಲ್ಲ, ಗದ್ದೆಗೆ ಬನ್ನಿ,” ಎಂದರು. ಇಂಥ ಕ್ರಮ ನಿಜವಾಗಿ ಇದೆಯೋ, ಅಜ್ಜ ಆಗ ಕಟ್ಟಿದ್ದೋ ನನಗೆ ಗೊತ್ತಿಲ್ಲ. ಒಡತಿ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಆ ಸಂಜೆ ನಮಗೆ ಹಾಲು ತಂದಿಟ್ಟರು.

ಕೊಯ್ಲು ಮುಗಿದ ಗದ್ದೆ. ಬೆಳಗಿನ ಎಳೆಬಿಸಿಲು. ಅಜ್ಜ, ಅವರ ಮಗ, ಇನ್ನಿಬ್ಬರು ಬಿಳಿ ಬಟ್ಟೆಯಲ್ಲಿ ಬಂದರು. ಅಕ್ಕ ಬದುವಿನ ಮೇಲೆ ಹೊಸ ಪುಸ್ತಕ ಬಿಚ್ಚಿ ಕೂತರು, ಮೂರು ಪೆನ್ಸಿಲು ಚೂಪು ಮಾಡಿ ತಂದಿದ್ದರು. ಪಕ್ಕದಲ್ಲಿ ನಾನು, ಕೊಡವ ಮಾತಿನ ಅರ್ಥ ಹೇಳುವುದಕ್ಕೆ. ದುಡಿಯ ಸದ್ದಿನ ಮೇಲೆ ಅಜ್ಜನ ದನಿ ಎದ್ದಿತು. ಎರಡು ವರ್ಷ ಓಡಿ ಓಡಿ ಸಿಗದಿದ್ದ ಶುರು ಅದು. ಅಕ್ಕನ ಪೆನ್ಸಿಲು ಓಡಿತು. ಒಂದು ಸಾಲು, ಎರಡು ಸಾಲು.

ಮೂರನೆಯದರಲ್ಲಿ ಅತ್ತೆ ತವರಿನಿಂದ ಹೊರಟರು. ನಾನು ಕಿವಿಯಲ್ಲಿ ಅರ್ಥ ಹೇಳಿದೆ. ಹೊಳೆ ದಾಟಿ ಕೊಡಗಿಗೆ ಬಂದರು, ಕಲ್ಲು ಆಯ್ದ ಹೊಲದಲ್ಲಿ ರಾಗಿ ಚೆಲ್ಲಿದರು. ಆಮೇಲೆ ಮೊರ ಬಂತು. ಇತ್ತ ಒಬ್ಬ ಮೇಷ್ಟ್ರು, ಅತ್ತ ಒಬ್ಬ ಸೊಸೆ, ನಡುವೆ ಮೊರ ಹಿಡಿದ ತಾಯಿ. ಕೇರಿದ್ದು ರಾಗಿಯನ್ನಲ್ಲ, ಊರಿನವರ ಬಾಯನ್ನು ಎಂದು ಅಜ್ಜ ಹಾಡಿದರು. ಹೆಸರು ಬಂತು, ದನಿ ಇಳಿಯಿತು. ಪುಸ್ತಕ ಬದುವಿನಿಂದ ಜಾರಿ ಗದ್ದೆಗೆ ಬಿತ್ತು. ಎತ್ತಿಕೊಡಲು ಹೋದರೆ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದರು, ಬಿಡಲಿಲ್ಲ. ಅಷ್ಟು ದೊಡ್ಡ ಹೆಂಗಸು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅಜ್ಜ ನಿಲ್ಲಿಸಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೂ ಹಾಡಿದರು, ನಾನು ಗಂಟಲು ಕಟ್ಟುವವರೆಗೂ ಅರ್ಥ ಹೇಳಿದೆ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. “ಎಂತದು ಅಕ್ಕ ನೀವು! ಇಷ್ಟು ಒದ್ದಾಡಿ ಎರಡೇ ಸಾಲು ಬರೆದದ್ದಾ?”

“ಪೂರ್ತಿ ಕೇಳಿದೆ ಕಣಮ್ಮ,” ಎಂದರು. ಮುಖ ಊದಿತ್ತು, ದನಿ ಹಗುರಾಗಿತ್ತು. “ಹೆಂಗಿತ್ತು ಅಂತ ಕೇಳ್ಬೇಡ. ಒಂದೂ ನೆನಪಿಲ್ಲ.”

ಮತ್ತೆ ಕೇಳಿ ಬರೆದುಕೊಳ್ಳಿ ಎಂದು ನಾನು ಎಷ್ಟು ಹೇಳಿದರೂ ಅವರು ಅಜ್ಜನ ಹತ್ತಿರ ಹೋಗಲಿಲ್ಲ. ಸಾವಿನ ಮನೆಗಳಿಗೆ ಹೋಗುವುದು ಬಿಡಲಿಲ್ಲ, ಪುಸ್ತಕ ಒಯ್ಯುವುದು ಬಿಟ್ಟರು. ಹೆಂಗಸರ ನಡುವೆ ಕೂತು, ಅಳು ಬಂದರೆ ಅಳುತ್ತಿದ್ದರು. ಹುಡುಗಿಯರು ಸಂಗೀತದ ತರಗತಿಗೆ ಮರಳಿ ಬಂದರು.

ಮರುವರ್ಷದ ಮಳೆಯಲ್ಲಿ ಅಜ್ಜ ಹೋದರು. ಮಗ ಹಾಡಿದ, ಅರ್ಧಕ್ಕೆ ಮಾತು ಮರೆತು, ಹಾಡಿದ್ದನ್ನೇ ತಿರುಗಿ ಹಾಡಿದ. ಅಂಗಳದಲ್ಲಿದ್ದ ಎಷ್ಟೋ ಜನಕ್ಕೆ ಅದು ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಯಿತು, ನನಗೂ ಆಯಿತು. ನನ್ನ ಹತ್ತಿರ ಬರೆದುಕೊಂಡ ಮಾತಿರಬೇಕಿತ್ತು. ಇರಲಿಲ್ಲ. ಆಮೇಲೆ ರಾಜ್ಯ ಮೈಸೂರಿಗೆ ಸೇರಿತು. ದೊಡ್ಡ ರಾಜ್ಯದ ದೊಡ್ಡ ವರ್ಗಾವಣೆ ಅಕ್ಕನನ್ನು ನಾವು ಹೆಸರೂ ಕೇಳದ ಊರಿಗೆ ಒಯ್ದಿತು. ಹೊಸ ವರ್ಷಕ್ಕೆ, ಯುಗಾದಿಗೆ ಕಾಗದ ಬರುತ್ತಿತ್ತು. ನಾನು ಉತ್ತರ ಬರೆಯುವುದರಲ್ಲಿ ಸೋಮಾರಿ.

ಈ ಸಲ ಬಂದ ಕಾಗದ ಅವರ ಮೈದುನನ ಮಗನದು. ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ನಾನು ಅದೇ ದಿನ ಅಜ್ಜನ ಮಗನ ಮನೆಗೆ ಹೋದೆ. ಅವನಿಗೂ ಈಗ ತಲೆ ನರೆತಿದೆ.

“ಟೀಚರಮ್ಮನಿಗೆ ಹಾಡ್ಬೇಕು,” ಎಂದೆ.

“ನನಗೆ ಬರುದು ಅರ್ಧ.”

“ಅರ್ಧವೇ ಹಾಡು.”

ಅವನು ದುಡಿ ತೆಗೆದುಕೊಂಡು ಬೇಲಿ ದಾಟಿ ಗದ್ದೆಯ ಅಂಚಿಗೆ ಬಂದ. “ತವರು ಯಾವುದು? ತಾಯಿ ಯಾರು?” ಎಂದು ಕೇಳಿದ.

ಅವರ ಅತ್ತೆಯ ತಾಯಿಯ ಹೆಸರು ಗೊತ್ತು ನನಗೆ. ಅತ್ತೆಯ ತವರು, ಅತ್ತೆಯ ಜ್ವರ, ಅತ್ತೆಯ ಸುಳ್ಳು ಎಲ್ಲ ಗೊತ್ತು. ನಾಲ್ಕು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದವಳು, ಅಕ್ಕ ಎಲ್ಲಿ ಹುಟ್ಟಿದರು, ಅವರನ್ನು ಹೆತ್ತವಳು ಯಾರು, ಗಂಡನ ಜೊತೆ ಎಷ್ಟು ದಿನ ಬಾಳಿದರು ಎಂದು ಒಂದು ದಿನವೂ ಕೇಳಿರಲಿಲ್ಲ. ಊರವರ ಸಾವಿಗೆಲ್ಲ ಕಿವಿಯಾಗಿದ್ದ ಹೆಂಗಸಿಗೆ ನಾನೊಂದು ಕಿವಿ ಆಗಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಅವನು “ಗೊತ್ತಿಲ್ಲದ್ದು ಬೇಡ,” ಎಂದ. “ನೀವು ಕಂಡದ್ದು ಹೇಳಿ.”

“ಒಲೆ ಮೇಲೆ ಹಾಲಿಟ್ಟು, ಬೀದೀಲಿ ಯಾರೋ ಹಾಡ್ತಾ ಹೋದ್ರೆ ಹಿಂದೆಯೇ ಹೋಗಿಬಿಡ್ತಿದ್ರು. ದಿನಾ ಉಕ್ಕಿ ಒಲೆ ಆರ್ತಿತ್ತು. ನಾನು ಬೈತಿದ್ದೆ.”

ಅವನು ನಗಲಿಲ್ಲ. ಕಡ್ಡಿ ಎತ್ತಿಕೊಂಡ. ಅವನ ಹಾಡಿನಲ್ಲಿ ಹಾಲು ಉಕ್ಕಿತು, ಒಲೆ ಆರಿತು, ಅಕ್ಕ ಬೀದಿಯ ತಿರುವಿನಲ್ಲಿ ಮರೆಯಾದರು. ಅವರು ಮರಳಿ ಬರುವುದಾದರೆ, ಬೈಯುವುದಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದೆ.